ಹೈನ್ರಿಖ್ ವೀಲಾಂಡ್

ಹೈನ್ರಿಖ್ ಒಟ್ಟೊ ವೀಲಾಂಡ್ (ಜೂನ್ 4, 1877 – ಆಗಸ್ಟ್ 5, 1957) ಜರ್ಮನಿಯ ಸಾವಯವ ರಸಾಯನವಿಜ್ಞಾನಿ. ಪಿತ್ತಾಮ್ಲಗಳ ರಚನೆಯನ್ನು ಕುರಿತ ಸಂಶೋಧನೆಗಾಗಿ ಇವರಿಗೆ 1927ನೆಯ ಸಾಲಿನ ರಸಾಯನವಿಜ್ಞಾನದ ನೊಬೆಲ್ ಪ್ರಶಸ್ತಿ ದೊರೆಯಿತು. ಜೀವಕೋಶಗಳು ಆಹಾರವಸ್ತುಗಳನ್ನು ಹೇಗೆ ಉತ್ಕರ್ಷಿಸಿ ಶಕ್ತಿ ಪಡೆಯುತ್ತವೆ ಎಂಬುದು ಇವರ ಎರಡನೆಯ ಪ್ರಮುಖ ಅಧ್ಯಯನ ವಿಷಯವಾಗಿತ್ತು. ಇವರ ಜೀವಿತಕಾಲದಲ್ಲಿ ಈ ಎರಡು ವಿಷಯಗಳಿಗೆ ಪರಸ್ಪರ ಸಂಬಂಧವಿದ್ದಂತೆ ಯಾರಿಗೂ ತೋರಿರಲಿಲ್ಲ. ಇವರು ನಿಧನರಾಗಿ ಸುಮಾರು ನಾಲ್ಕು ದಶಕಗಳಾದ ಮೇಲೆ, ಕೆಲವು ಪಿತ್ತಾಮ್ಲಗಳು ನರಕೋಶಗಳನ್ನು ಯೋಜಿತ ಮರಣದಿಂದ ಕಾಪಾಡಬಲ್ಲವೇ ಎಂಬ ಪ್ರಶ್ನೆ ಎದ್ದಾಗ, ಎರಡೂ ಒಂದೇ ಸ್ಥಳದಲ್ಲಿ, ಅಂದರೆ ಜೀವಕೋಶದೊಳಗಿನ ಮೈಟೋಕಾಂಡ್ರಿಯದಲ್ಲಿ, ಸಂಧಿಸಿದವು.

ಆರಂಭಿಕ ಜೀವನ

ವೀಲಾಂಡ್ ಅವರು ಜರ್ಮನಿಯ ಬಾಡೆನ್ ಪ್ರಾಂತ್ಯದ ಫೋರ್ಟ್ಸ್‌ಹೈಮ್ ಪಟ್ಟಣದಲ್ಲಿ ಜನಿಸಿದರು. ಆ ಪಟ್ಟಣ ಒಡವೆಗಳ ತಯಾರಿಕೆಗೆ ಹೆಸರಾದುದು. ತಂದೆ ಥಿಯೋಡರ್ ವೀಲಾಂಡ್ ಸ್ವತಃ ರಸಾಯನಜ್ಞರಾಗಿದ್ದು, ಚಿನ್ನ ಬೆಳ್ಳಿಗಳನ್ನು ಶುದ್ಧೀಕರಿಸುವ ಉದ್ಯಮವನ್ನು ನಡೆಸುತ್ತಿದ್ದರು. ತಾಯಿ ಎಲಿಸ್ ಬ್ಲೂಮ್. ಮ್ಯೂನಿಕ್, ಬರ್ಲಿನ್ ಮತ್ತು ಸ್ಟುಟ್‌ಗಾರ್ಟ್‌ಗಳಲ್ಲಿ ವ್ಯಾಸಂಗ ಮಾಡಿದ ವೀಲಾಂಡ್, 1901ರಲ್ಲಿ ಮ್ಯೂನಿಕ್‌ನಲ್ಲಿ ಯೋಹಾನೆಸ್ ಥೀಲೆ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪದವಿ ಪಡೆದರು. 1904ರಲ್ಲಿ ಅಧ್ಯಾಪನದ ಅರ್ಹತೆ ಗಳಿಸಿ ಅಲ್ಲಿಯೇ ಬೋಧಕರಾದರು. ಮೊದಮೊದಲ ವರ್ಷಗಳಲ್ಲಿ ಇವರ ಕೆಲಸವೆಲ್ಲ ಸಾರಜನಕವುಳ್ಳ ಸಾವಯವ ಸಂಯುಕ್ತಗಳನ್ನು ಕುರಿತಾಗಿತ್ತು.

1908ರಲ್ಲಿ ಯೋಸೆಫೀನ್ ಬಾರ್ಟ್‌ಮನ್ ಅವರೊಡನೆ ವಿವಾಹವಾಯಿತು. ದಂಪತಿಗಳಿಗೆ ಮೂವರು ಗಂಡುಮಕ್ಕಳು, ಒಬ್ಬ ಮಗಳು. ಮಗ ಥಿಯೋಡರ್ ರಸಾಯನವಿಜ್ಞಾನದ ಪ್ರಾಧ್ಯಾಪಕರಾದರೆ, ಒಟ್ಟೊ ವೈದ್ಯವಿಜ್ಞಾನದ ಪ್ರಾಧ್ಯಾಪಕರಾದರು. ಮಗಳು ಇವಾ 1937ರಲ್ಲಿ ವೀಲಾಂಡ್ ಅವರ ಶಿಷ್ಯ ಫಿಯೋಡರ್ ಲ್ಯೂನೆನ್ ಅವರನ್ನು ಮದುವೆಯಾದರು. ಕೊಲೆಸ್ಟೆರಾಲ್ ಮತ್ತು ಕೊಬ್ಬಿನಾಮ್ಲಗಳ ಚಯಾಪಚಯವನ್ನು ವಿವರಿಸಿದ್ದಕ್ಕಾಗಿ ಲ್ಯೂನೆನ್ ಅವರಿಗೆ 1964ರಲ್ಲಿ ವೈದ್ಯಕೀಯ ನೊಬೆಲ್ ಪ್ರಶಸ್ತಿ ಸಂದಿತು. ಮಾವ ಬಿಡಿಸಿ ತೋರಿಸಿದ ಅಣುವನ್ನು ದೇಹ ಹೇಗೆ ಕಟ್ಟುತ್ತದೆ ಎಂಬುದನ್ನು ಅಳಿಯ ಕಂಡುಕೊಂಡರೆಂದು ಹೇಳಿದರೆ ಹೆಚ್ಚು ತಪ್ಪಾಗದು.

ಪಿತ್ತಾಮ್ಲಗಳ ಅಧ್ಯಯನ

ಪಿತ್ತರಸವು ಯಕೃತ್ತಿನಲ್ಲಿ ಉತ್ಪತ್ತಿಯಾಗಿ, ಪಿತ್ತಕೋಶದಲ್ಲಿ ಸಂಗ್ರಹಗೊಂಡು, ಸಣ್ಣ ಕರುಳಿಗೆ ಸ್ರವಿಸುವ ಕಹಿಯಾದ ಹಸಿರು ಮಿಶ್ರಿತ ಹಳದಿ ದ್ರವ. ಆಯುರ್ವೇದದ ತ್ರಿದೋಷಗಳಲ್ಲಿ ಒಂದಾದ ಪಿತ್ತವು ಇದಕ್ಕಿಂತ ವ್ಯಾಪಕವಾದ ಪರಿಕಲ್ಪನೆಯಾದುದರಿಂದ ಎರಡನ್ನೂ ಒಂದೆಂದು ತಿಳಿಯಬಾರದು. ಪಿತ್ತರಸದಲ್ಲಿರುವ ಆಮ್ಲಗಳ ಕೆಲಸ ಬಹುಮಟ್ಟಿಗೆ ಸೀಗೆಕಾಯಿ ಅಥವಾ ಅಂಟುವಾಳದ ಕೆಲಸದಂತೆಯೇ ಇದೆ. ಅಣುವಿನ ಒಂದು ಪಕ್ಕ ನೀರಿಗೆ ಹೊಂದಿಕೊಳ್ಳುತ್ತದೆ, ಇನ್ನೊಂದು ಪಕ್ಕ ಎಣ್ಣೆಗೆ; ಹೀಗಾಗಿ ಆಹಾರದಲ್ಲಿನ ಜಿಡ್ಡು ಸಣ್ಣ ಸಣ್ಣ ಹನಿಗಳಾಗಿ ಒಡೆದು ಜೀರ್ಣವಾಗುತ್ತದೆ. ಮನುಷ್ಯನ ದೇಹದಲ್ಲಿ ಒಟ್ಟು ಸುಮಾರು 3 ಗ್ರಾಂನಷ್ಟು ಪಿತ್ತಾಮ್ಲಗಳು ಯಕೃತ್ತಿನಿಂದ ಕರುಳಿಗೆ, ಕರುಳಿನಿಂದ ಮರಳಿ ಯಕೃತ್ತಿಗೆ ದಿನಕ್ಕೆ ಹಲವು ಬಾರಿ ಸುತ್ತುತ್ತಿರುತ್ತವೆ. ಸುಮಾರು ಶೇ. 95ರಷ್ಟು ಹೀಗೆ ಮರುಬಳಕೆಯಾಗುತ್ತದೆ.

ವೀಲಾಂಡ್ 1912ರಲ್ಲಿ ಈ ಆಮ್ಲಗಳತ್ತ ತಿರುಗಿದಾಗ ಅವುಗಳ ಪರಮಾಣುಗಳ ಎಣಿಕೆ ತಿಳಿದಿತ್ತು, ಜೋಡಣೆ ತಿಳಿದಿರಲಿಲ್ಲ. ಇವುಗಳಲ್ಲಿ ಮುಖ್ಯವಾದ ಕೋಲಿಕ್ ಆಮ್ಲದ ಅಣುವಿನಲ್ಲಿ 24 ಇಂಗಾಲ, 40 ಜಲಜನಕ ಮತ್ತು 5 ಆಮ್ಲಜನಕ ಪರಮಾಣುಗಳಿವೆ. ಇಂದಿನ ಪ್ರಯೋಗಾಲಯದಲ್ಲಿ ಉಪಕರಣವೊಂದು ಕೆಲವು ಗಂಟೆಗಳಲ್ಲಿ ತಿಳಿಸುವುದನ್ನು ಆಗ ಅಣುವನ್ನು ಹಂತಹಂತವಾಗಿ ಕೆಡವಿ, ಪ್ರತಿ ಹಂತದಲ್ಲಿ ಸಿಕ್ಕಿದ ತುಣುಕನ್ನು ಹರಳುಗಟ್ಟಿಸಿ, ತೂಗಿ, ಕರಗುವ ಬಿಂದುವನ್ನು ನೋಡಿ ಊಹಿಸಬೇಕಾಗಿತ್ತು. ಪಾರ್ಶ್ವ ಸರಪಳಿಯಿಂದ ಒಂದೊಂದೇ ಇಂಗಾಲವನ್ನು ಕತ್ತರಿಸಿ ತೆಗೆಯಲು ಅವರು ಬಳಸಿದ ಕ್ರಮಕ್ಕೆ ಇಂದಿಗೂ ಬಾರ್ಬಿಯೇ–ವೀಲಾಂಡ್ ವಿಘಟನೆ ಎಂದೇ ಹೆಸರು. ಮೂಲದ್ರವ್ಯ ದನದ ಪಿತ್ತ. ಒಂದು ಸಣ್ಣ ತೀರ್ಮಾನಕ್ಕಾಗಿಯೂ ಬಹಳ ಪ್ರಮಾಣದ ಪಿತ್ತಾಮ್ಲವನ್ನು ಶುದ್ಧೀಕರಿಸಬೇಕಾಗುತ್ತಿತ್ತು.

ಬೇರೆಬೇರೆ ಪಿತ್ತಾಮ್ಲಗಳಿಂದ ಆಮ್ಲಜನಕದ ಗುಂಪುಗಳನ್ನು ತೆಗೆದುಹಾಕಿದಾಗ ಉಳಿಯುವುದು ಕೋಲಾನಿಕ್ ಆಮ್ಲವೆಂಬ ಒಂದೇ ವಸ್ತು ಎಂದು ಅವರು ತೋರಿಸಿದರು. ಅಂದರೆ ಈ ಆಮ್ಲಗಳೆಲ್ಲ ಒಂದೇ ಅಸ್ಥಿಪಂಜರದ ರೂಪಾಂತರಗಳು. ವ್ಯತ್ಯಾಸವಿರುವುದು ಅದರ ಮೇಲೆ ಹೈಡ್ರಾಕ್ಸಿಲ್ ಗುಂಪುಗಳು ಎಷ್ಟಿವೆ, ಎಲ್ಲಿವೆ, ಯಾವ ದಿಕ್ಕಿಗೆ ಮುಖ ಮಾಡಿವೆ ಎಂಬುದರಲ್ಲಿ ಮಾತ್ರ. 1919ರಲ್ಲಿ ಗಾಟಿಂಗೆನ್‌ನ ಅಡಾಲ್ಫ್ ವಿಂಡೌಸ್ ಅವರು ಕೊಲೆಸ್ಟೆರಾಲಿನಿಂದ ಹೊರಟು ಇದೇ ಕೋಲಾನಿಕ್ ಆಮ್ಲವನ್ನು ತಲುಪಿದರು. ಕೊಲೆಸ್ಟೆರಾಲಿಗೂ ಪಿತ್ತಾಮ್ಲಗಳಿಗೂ ಅಸ್ಥಿಪಂಜರ ಒಂದೇ ಎಂಬುದು ಇದರಿಂದ ಸ್ಥಿರಪಟ್ಟಿತು. ಯಕೃತ್ತು ಕೊಲೆಸ್ಟೆರಾಲನ್ನೇ ಪಿತ್ತಾಮ್ಲವಾಗಿ ಮಾರ್ಪಡಿಸುತ್ತದೆ ಎಂಬ ತಿಳಿವಳಿಕೆ ಮುಂದೆ ಇದೇ ತಳಹದಿಯ ಮೇಲೆ ಬೆಳೆಯಿತು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಅರಿಸಿನದ ಕರ್ಕ್ಯುಮಿನ್ ಹಾಗೂ ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಈ ಮಾರ್ಪಾಡನ್ನು ಚುರುಕುಗೊಳಿಸುವುದು ಕಂಡುಬಂದಿರುವುದನ್ನು ಇಲ್ಲಿ ನೆನೆಯಬಹುದು.

1916ರಲ್ಲಿ ವೀಲಾಂಡ್ ಮತ್ತೊಂದು ಗೊಂದಲವನ್ನು ಬಗೆಹರಿಸಿದರು. ಅದುವರೆಗೆ ಸ್ವತಂತ್ರ ಪಿತ್ತಾಮ್ಲವೆಂದು ಭಾವಿಸಲಾಗಿದ್ದ ಕೋಲೆಯಿಕ್ ಆಮ್ಲವು ನಿಜವಾಗಿ ಡಿಆಕ್ಸಿಕೋಲಿಕ್ ಆಮ್ಲವು ಕೊಬ್ಬಿನಾಮ್ಲವೊಂದನ್ನು ತನ್ನ ಹರಳಿನೊಳಗೆ ಸೇರಿಸಿಕೊಂಡು ಆದದ್ದು ಎಂದು ಅವರು ಕಂಡರು. ನೀರಿನಲ್ಲಿ ಕರಗದ ವಸ್ತುಗಳನ್ನು ಪಿತ್ತರಸವು ಕರುಳಿನಲ್ಲಿ ಹೇಗೆ ಸಾಗಿಸುತ್ತದೆ ಎಂಬುದಕ್ಕೆ ಇದು ಒಂದು ಸುಳಿವಾಯಿತು.

ರಚನೆಯಲ್ಲಾದ ತಪ್ಪು

1927ನೆಯ ಸಾಲಿನ ನೊಬೆಲ್ ಪ್ರಶಸ್ತಿಯನ್ನು ಆ ವರ್ಷ ಕಾಯ್ದಿರಿಸಿ 1928ರಲ್ಲಿ ವೀಲಾಂಡ್ ಅವರಿಗೆ ಪ್ರದಾನ ಮಾಡಲಾಯಿತು. 1928ನೆಯ ಸಾಲಿನ ಪ್ರಶಸ್ತಿ ವಿಂಡೌಸ್ ಅವರಿಗೆ ಸಂದಿತು. ಇಬ್ಬರೂ ಒಂದೇ ಸಮಾರಂಭದ ಪ್ರಶಸ್ತಿ ವಿಜೇತರಾದರು. ಆದರೆ ಆಗ ಅವರು ಮುಂದಿಟ್ಟಿದ್ದ ರಚನಾಸೂತ್ರ ಸರಿಯಾಗಿರಲಿಲ್ಲ. ಅದರ ಕೆಲವು ಭಾಗಗಳು ಇನ್ನೂ ಖಚಿತವಾಗಿಲ್ಲವೆಂಬುದನ್ನು ವೀಲಾಂಡ್ ಸ್ವತಃ ಮುಚ್ಚಿಟ್ಟಿರಲಿಲ್ಲ.

1932ರಲ್ಲಿ ಇಂಗ್ಲೆಂಡಿನ ಜೆ. ಡಿ. ಬರ್ನಾಲ್ ಸ್ಟೆರಾಲ್ ಹರಳುಗಳ ಮೇಲೆ ಕ್ಷ-ಕಿರಣಗಳನ್ನು ಹಾಯಿಸಿ, ಅಣು ಉದ್ದವಾಗಿ ತೆಳ್ಳಗಿದೆ ಎಂದು ತೋರಿಸಿದರು. ವೀಲಾಂಡ್–ವಿಂಡೌಸ್ ಸೂತ್ರದ ಅಣುವಾದರೋ ದಪ್ಪನಾಗಿ ಮುದ್ದೆಯಾಗಿರಬೇಕಿತ್ತು. ಇದನ್ನು ಆಧರಿಸಿ ರೋಸೆನ್‌ಹೈಮ್ ಮತ್ತು ಕಿಂಗ್ ಎಂಬ ಬ್ರಿಟಿಷ್ ವಿಜ್ಞಾನಿಗಳು ಹೊಸ ರಚನೆಯನ್ನು ಸೂಚಿಸಿದರು. ವೀಲಾಂಡ್ ತಮ್ಮ ಹಳೆಯ ಸೂತ್ರಕ್ಕೆ ಅಂಟಿಕೊಳ್ಳಲಿಲ್ಲ. ಅದೇ ವರ್ಷ ಸಹೋದ್ಯೋಗಿ ಎಲಿಜಬೆತ್ ಡಾನೆ ಅವರೊಡನೆ ಸೇರಿ, ತಿದ್ದಿದ ಸೂತ್ರವನ್ನು ತಾವೇ ಪ್ರಕಟಿಸಿದರು. ಆರು ಮೂಲೆಯ ಮೂರು ಉಂಗುರಗಳು ಮತ್ತು ಐದು ಮೂಲೆಯ ಒಂದು ಉಂಗುರ ಕೂಡಿಕೊಂಡಿರುವ, ಇಂದು ಸ್ಟೀರಾಯ್ಡ್ ಅಸ್ಥಿಪಂಜರವೆಂದು ಪಠ್ಯಪುಸ್ತಕಗಳಲ್ಲಿರುವ ಚಿತ್ರ ಹೀಗೆ ರೂಪುಗೊಂಡಿತು. ಕಾರ್ಟಿಸೋನ್, ಲೈಂಗಿಕ ಹಾರ್ಮೋನುಗಳು, ಡಿ ಜೀವಸತ್ವ ಇವೆಲ್ಲವುಗಳ ರಚನೆಗೂ ಇದೇ ಆಧಾರ. ಪ್ರಶಸ್ತಿ ಪಡೆದ ನಾಲ್ಕೇ ವರ್ಷಗಳಲ್ಲಿ ಅದೇ ಕೆಲಸವನ್ನು ತಾನೇ ತಿದ್ದಿ ಪ್ರಕಟಿಸಿದ ವಿಜ್ಞಾನಿಗಳು ಹೆಚ್ಚಿಲ್ಲ.

ಜೀವಕೋಶದ ಉಸಿರಾಟದ ವಿವಾದ

ಪಿತ್ತಾಮ್ಲಗಳ ಕೆಲಸ ಆರಂಭವಾದ ಕಾಲದಲ್ಲಿಯೇ ವೀಲಾಂಡ್ ಜೈವಿಕ ಉತ್ಕರ್ಷಣೆಯ ಸಮಸ್ಯೆಯನ್ನೂ ಕೈಗೆತ್ತಿಕೊಂಡರು. ಜೀವಕೋಶದಲ್ಲಿ ಆಹಾರ ಉರಿಯುವುದೆಂದರೆ ಆಮ್ಲಜನಕವು ಅದರೊಡನೆ ನೇರವಾಗಿ ಸೇರುವುದು ಎಂಬುದು ಆಗಿನ ಸಾಮಾನ್ಯ ನಂಬಿಕೆ. ವೀಲಾಂಡ್ ಇದಕ್ಕೆ ತದ್ವಿರುದ್ಧವಾದ ದಾರಿಯನ್ನು ಸೂಚಿಸಿದರು: ಮೊದಲು ಆಹಾರವಸ್ತುವಿನಿಂದ ಜಲಜನಕ ಬೇರ್ಪಡುತ್ತದೆ, ಆಮ್ಲಜನಕವು ಆ ಜಲಜನಕವನ್ನು ಸ್ವೀಕರಿಸುವ ಪಾತ್ರೆ ಮಾತ್ರ. ಹಾಗಿದ್ದಲ್ಲಿ ಆಮ್ಲಜನಕದ ಬದಲಿಗೆ ಬೇರೊಂದು ಸ್ವೀಕಾರಕವಿದ್ದರೂ ಕೆಲಸ ನಡೆಯಬೇಕು. ಗಾಳಿಯಿಲ್ಲದ ಪಾತ್ರೆಯಲ್ಲಿ ಪಲ್ಲಾಡಿಯಂ ಪುಡಿಯನ್ನು ವೇಗವರ್ಧಕವಾಗಿಯೂ ಮಿಥಿಲೀನ್ ಬ್ಲೂ ಎಂಬ ನೀಲಿ ಬಣ್ಣವನ್ನು ಸ್ವೀಕಾರಕವಾಗಿಯೂ ಬಳಸಿ ಅವರು ಇದನ್ನು ತೋರಿಸಿದರು. ಮದ್ಯಸಾರವನ್ನು ವಿನಿಗರ್ ಆಗಿಸುವ ಬ್ಯಾಕ್ಟೀರಿಯಗಳೂ ಆಮ್ಲಜನಕವಿಲ್ಲದೆ, ಈ ಬಣ್ಣವಿದ್ದರೆ ಸಾಕೆಂಬಂತೆ, ತಮ್ಮ ಕೆಲಸ ಮಾಡಿದವು. ಜಲಜನಕವನ್ನು ಪಡೆದಂತೆ ನೀಲಿ ಬಣ್ಣ ಮಾಯವಾಗುತ್ತಿತ್ತು.

ಬರ್ಲಿನ್‌ನ ಒಟ್ಟೊ ವಾರ್ಬುರ್ಗ್ ಇದನ್ನು ಒಪ್ಪಲಿಲ್ಲ. ಕಬ್ಬಿಣವುಳ್ಳ ಕಿಣ್ವವೊಂದು ಆಮ್ಲಜನಕವನ್ನು ಚುರುಕುಗೊಳಿಸುವುದೇ ಉಸಿರಾಟದ ಮುಖ್ಯ ಘಟ್ಟವೆಂಬುದು ಅವರ ವಾದ. ಇಬ್ಬರ ನಡುವಿನ ವಿವಾದ ವರ್ಷಗಳ ಕಾಲ ನಡೆಯಿತು. ಕೇಂಬ್ರಿಜ್‌ನ ಡೇವಿಡ್ ಕೀಲಿನ್ 1925ರಲ್ಲಿ ಸೈಟೋಕ್ರೋಮ್‌ಗಳೆಂಬ ಕಬ್ಬಿಣಯುಕ್ತ ಪ್ರೋಟೀನುಗಳನ್ನು ವಿವರಿಸಿದ ಮೇಲೆ ಇಬ್ಬರೂ ಒಂದೇ ಸರಪಳಿಯ ಎರಡು ತುದಿಗಳನ್ನು ಹಿಡಿದಿದ್ದರೆಂಬುದು ಕ್ರಮೇಣ ತಿಳಿಯಿತು. ಆಹಾರದಿಂದ ಜಲಜನಕ ಬೇರ್ಪಡುವುದು ವೀಲಾಂಡ್ ಹೇಳಿದ ತುದಿ, ಆಮ್ಲಜನಕ ಚುರುಕಾಗುವುದು ವಾರ್ಬುರ್ಗ್ ಹೇಳಿದ ತುದಿ, ನಡುವೆ ಸೈಟೋಕ್ರೋಮ್‌ಗಳು. ಈ ಸರಪಳಿ ಮೈಟೋಕಾಂಡ್ರಿಯದ ಒಳಪೊರೆಯಲ್ಲಿದೆ ಎಂಬುದು ತಿಳಿದದ್ದು ಇನ್ನೂ ತಡವಾಗಿ.

ವಿಷಗಳು ಮತ್ತು ವರ್ಣದ್ರವ್ಯಗಳು

ನೆಲಗಪ್ಪೆಯ ಚರ್ಮದ ವಿಷ, ಲೋಬಿಲೀನ್, ಸ್ಟ್ರಿಕ್ನೀನ್, ಮಾರ್ಫೀನ್ ಮೊದಲಾದ ಆಲ್ಕಲಾಯ್ಡ್‌ಗಳು, ಕ್ಯುರಾರೆ ಎಂಬ ಬಾಣವಿಷ, ಚಿಟ್ಟೆಯ ರೆಕ್ಕೆಯ ಹಳದಿ ಮತ್ತು ಬಿಳಿ ವರ್ಣದ್ರವ್ಯಗಳು – ಇವೆಲ್ಲವನ್ನೂ ವೀಲಾಂಡ್ ಅವರ ಪ್ರಯೋಗಾಲಯ ಪರಿಶೀಲಿಸಿತು. ಕಪ್ಪೆಯ ವಿಷವೂ ಪಿತ್ತಾಮ್ಲಗಳ ಬಳಗಕ್ಕೇ ಸೇರಿದ್ದು. ಮಾರಕ ಅಣಬೆಯಾದ ಅಮಾನಿಟದ ವಿಷಗಳಲ್ಲಿ ಫಾಲಾಯ್ಡಿನ್ 1937ರಲ್ಲಿ, ಅಮಾನಿಟಿನ್ 1941ರಲ್ಲಿ ಇಲ್ಲಿಂದ ಹರಳಿನ ರೂಪದಲ್ಲಿ ಹೊರಬಂದವು. ಮಗ ಥಿಯೋಡರ್ ಈ ಕೆಲಸವನ್ನು ಮುಂದುವರಿಸಿದರು.

ಔಷಧ ತಯಾರಿಕಾ ಸಂಸ್ಥೆಯಾದ ಬೋರಿಂಗರ್ ಇಂಗೆಲ್‌ಹೈಮ್‌ನ ಸ್ಥಾಪಕರು ವೀಲಾಂಡ್ ಅವರ ಸಂಬಂಧಿಗಳು. ಅವರ ಸಲಹೆಯ ಮೇರೆಗೆ 1917ರಲ್ಲಿ ಆ ಸಂಸ್ಥೆ ಸಂಶೋಧನಾ ವಿಭಾಗವನ್ನು ತೆರೆಯಿತು. ಉಸಿರಾಟವನ್ನು ಪ್ರಚೋದಿಸುವ ಲೋಬಿಲೀನ್ ಔಷಧವಾಗಿ ಬಂದುದು ಈ ಸಹಕಾರದ ಫಲ.

ಮೊದಲನೆಯ ಮಹಾಯುದ್ಧ

1917ರಲ್ಲಿ ಮ್ಯೂನಿಕ್‌ನ ತಾಂತ್ರಿಕ ಮಹಾವಿದ್ಯಾಲಯದ ಪ್ರಾಧ್ಯಾಪಕರಾದ ವೀಲಾಂಡ್, 1917–18ರಲ್ಲಿ ರಜೆ ಪಡೆದು ಬರ್ಲಿನ್ ಸಮೀಪದ ಡಾಲೆಮ್‌ನಲ್ಲಿ ಫ್ರಿಟ್ಸ್ ಹಾಬರ್ ಅವರ ಸಂಸ್ಥೆಯಲ್ಲಿ ಯುದ್ಧಾನಿಲಗಳ ಸಂಶೋಧನೆಯಲ್ಲಿ ತೊಡಗಿದ್ದರು. ಕಣ್ಣು ಮೂಗುಗಳನ್ನು ಉರಿಸಿ ವಾಂತಿ ತರಿಸುವ ಆಡಮ್‌ಸೈಟ್ ಎಂಬ ಆರ್ಸೆನಿಕ್ ಸಂಯುಕ್ತವನ್ನು ಅವರು ಅಮೆರಿಕದ ರೋಜರ್ ಆಡಮ್ಸ್‌ಗಿಂತ ಮೊದಲೇ ತಯಾರಿಸಿದ್ದರು. ಅವರ ನಂತರದ ಬಾಳಿನ ಜೊತೆಗಿಟ್ಟು ನೋಡಿದಾಗ ಈ ಅಧ್ಯಾಯ ಸುಲಭವಾಗಿ ಹೊಂದಿಕೊಳ್ಳುವುದಿಲ್ಲ.

ನಾಜಿ ಆಡಳಿತದ ಅವಧಿ

1921ರಿಂದ ಫ್ರೈಬುರ್ಗ್ ವಿಶ್ವವಿದ್ಯಾನಿಲಯದಲ್ಲಿದ್ದ ವೀಲಾಂಡ್, 1925ರಲ್ಲಿ ಮ್ಯೂನಿಕ್ ವಿಶ್ವವಿದ್ಯಾನಿಲಯಕ್ಕೆ ರಿಚರ್ಡ್ ವಿಲ್‌ಸ್ಟೆಟರ್ ಅವರ ಉತ್ತರಾಧಿಕಾರಿಯಾಗಿ ಬಂದರು. ಯಹೂದಿಯಾಗಿದ್ದ ವಿಲ್‌ಸ್ಟೆಟರ್, ವಿಶ್ವವಿದ್ಯಾನಿಲಯದಲ್ಲಿ ಬೆಳೆಯುತ್ತಿದ್ದ ಯಹೂದಿ ದ್ವೇಷವನ್ನು ಪ್ರತಿಭಟಿಸಿ 1924ರಲ್ಲಿ ರಾಜೀನಾಮೆ ನೀಡಿದ್ದರು. ಅವರ ಜಾಗಕ್ಕೆ ಬಂದವರು ಮುಂದೆ ನಡೆದುಕೊಂಡ ರೀತಿಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು.

ನ್ಯೂರೆಂಬರ್ಗ್ ಕಾನೂನುಗಳ ಪ್ರಕಾರ ತಂದೆ ಅಥವಾ ತಾಯಿಯ ಕಡೆಯಿಂದ ಯಹೂದಿ ಮೂಲವಿದ್ದವರಿಗೆ ವಿಶ್ವವಿದ್ಯಾನಿಲಯಗಳ ಬಾಗಿಲು ಮುಚ್ಚುತ್ತ ಬಂದಾಗ, ಅಂಥ ಹಲವು ವಿದ್ಯಾರ್ಥಿಗಳನ್ನು ವೀಲಾಂಡ್ ತಮ್ಮ ಸಂಸ್ಥೆಯಲ್ಲಿ ಉಳಿಸಿಕೊಂಡರು. ದಾಖಲಾತಿಗೆ ಅವಕಾಶವಿಲ್ಲದವರು ಅವರ ವೈಯಕ್ತಿಕ ಅತಿಥಿಗಳೆಂಬ ಹೆಸರಿನಲ್ಲಿ ಪ್ರಯೋಗಾಲಯದಲ್ಲಿ ಕೆಲಸ ಮಾಡಿದರು. ಯುದ್ಧಾನಂತರ ಜರ್ಮನಿಯ ರಾಜಕಾರಣದಲ್ಲಿ ಹೆಸರಾದ ಹಿಲ್ಡಗಾರ್ಡ್ ಹಾಮ್-ಬ್ರ್ಯೂಖರ್ ಅವರ ಅಜ್ಜಿ ಯಹೂದಿ. ಅವರು ಡಾಕ್ಟರೇಟ್ ಮುಗಿಸಿದ್ದು ವೀಲಾಂಡ್ ಅವರ ಬಳಿಯಲ್ಲಿಯೇ.

ಹೀಗೆ ಆಶ್ರಯ ಪಡೆದವರಲ್ಲಿ ಹಾನ್ಸ್ ಲೈಪೆಲ್ಟ್ ಒಬ್ಬರು. ಇವರ ತಾಯಿ ಯಹೂದಿ ಮೂಲದವರು. ಆ ಕಾರಣದಿಂದಲೇ ಅವರನ್ನು ಸೈನ್ಯದಿಂದ ಹೊರಹಾಕಲಾಗಿತ್ತು. ಹಿಟ್ಲರನ ವಿರುದ್ಧ ಕರಪತ್ರಗಳನ್ನು ಹಂಚಿದ್ದ ಶ್ವೇತ ಗುಲಾಬಿ ಗುಂಪಿನ ಹಾನ್ಸ್ ಮತ್ತು ಸೋಫಿ ಶೋಲ್ ಅವರನ್ನು 1943ರ ಫೆಬ್ರವರಿಯಲ್ಲಿ ಶಿರಚ್ಛೇದ ಮಾಡಿ ಕೊಂದ ಮೇಲೆ, ಲೈಪೆಲ್ಟ್ ಮತ್ತು ಸಹಪಾಠಿ ಮೇರಿ-ಲೂಯಿಸ್ ಯಾನ್ ಆ ಗುಂಪಿನ ಕೊನೆಯ ಕರಪತ್ರದ ಪ್ರತಿಗಳನ್ನು ಮಾಡಿ ಹಂಚಿದರು. ಮರಣದಂಡನೆಗೆ ಗುರಿಯಾದ ಪ್ರಾಧ್ಯಾಪಕ ಕುರ್ಟ್ ಹೂಬರ್ ಅವರ ಪತ್ನಿಗಾಗಿ ಹಣ ಕೂಡಿಸಿದರು. 1943ರ ಅಕ್ಟೋಬರ್‌ನಲ್ಲಿ ಅವರ ಬಂಧನವಾಯಿತು. 1944ರ ಅಕ್ಟೋಬರ್‌ನಲ್ಲಿ ಡೊನಾವರ್ತ್ ಪಟ್ಟಣದಲ್ಲಿ ವಿಚಾರಣೆ ನಡೆದಾಗ, 67 ವರ್ಷದ ವೀಲಾಂಡ್ ನ್ಯಾಯಾಲಯಕ್ಕೆ ಹೋಗಿ ತಮ್ಮ ವಿದ್ಯಾರ್ಥಿಗಳ ಪರವಾಗಿ ಸಾಕ್ಷ್ಯ ನುಡಿದರು. ಅಂಥ ನ್ಯಾಯಾಲಯದಲ್ಲಿ ಆರೋಪಿಯ ಪರ ನಿಲ್ಲುವುದೇ ಅಪಾಯದ ಸಂಗತಿಯಾಗಿತ್ತು. ಯಾನ್ ಅವರಿಗೆ 12 ವರ್ಷಗಳ ಸೆರೆವಾಸವಾಯಿತು. ಲೈಪೆಲ್ಟ್ ಅವರಿಗೆ ಮರಣದಂಡನೆ ವಿಧಿಸಿ 1945ರ ಜನವರಿ 29ರಂದು ಮ್ಯೂನಿಕ್‌ನ ಸ್ಟಾಡೆಲ್‌ಹೈಮ್ ಸೆರೆಮನೆಯಲ್ಲಿ ಜಾರಿಗೊಳಿಸಲಾಯಿತು. ಪ್ರಯೋಗಾಲಯವೂ ಬಾಂಬ್ ದಾಳಿಯಲ್ಲಿ ನಾಶವಾಗಿತ್ತು.

ಕೊನೆಯ ವರ್ಷಗಳು

ಯುದ್ಧದ ನಂತರ ವೀಲಾಂಡ್ ಮ್ಯೂನಿಕ್‌ನಲ್ಲಿ ಬೋಧನೆಯನ್ನು ಮುಂದುವರಿಸಿದರು. ಲೀಬಿಗ್ ಅವರ ಹೆಸರಿನ ಪ್ರಸಿದ್ಧ ರಸಾಯನವಿಜ್ಞಾನ ಪತ್ರಿಕೆಯನ್ನು ಅವರು 20 ವರ್ಷಗಳ ಕಾಲ ಸಂಪಾದಿಸಿದ್ದರು. 1955ರಲ್ಲಿ ಮೊದಲ ಬಾರಿಗೆ ನೀಡಲಾದ ಒಟ್ಟೊ ಹಾನ್ ಪ್ರಶಸ್ತಿಯನ್ನು ಲೀಸ್ ಮೈಟ್ನರ್ ಮತ್ತು ವೀಲಾಂಡ್ ಪಡೆದರು. 1957ರ ಆಗಸ್ಟ್ 5ರಂದು, 80ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಅವರ ಹೆಸರಿನಲ್ಲಿ 1964ರಿಂದ ಪ್ರಶಸ್ತಿಯೊಂದನ್ನು ನೀಡಲಾಗುತ್ತಿದೆ.

ಪಿತ್ತಾಮ್ಲಗಳು ಮತ್ತು ನರಕೋಶಗಳು

ಹುಟ್ಟಿದ ಮೇಲೆ ಮಿದುಳಿನ ನರಕೋಶಗಳು ಬಹುಮಟ್ಟಿಗೆ ಹೊಸದಾಗಿ ಹುಟ್ಟುವುದಿಲ್ಲ. ಆದುದರಿಂದ ಅವು ಸಾಯುವ ಬಗೆ ವೈದ್ಯವಿಜ್ಞಾನಕ್ಕೆ ಮುಖ್ಯವಾದುದು. ಪೆಟ್ಟು ಬಿದ್ದು ಒಡೆದು ಸಾಯುವುದಲ್ಲದೆ, ಕೋಶವು ತನ್ನೊಳಗಿನ ಏರ್ಪಾಡಿನಂತೆ ಕ್ರಮವಾಗಿ ಕುಗ್ಗಿ ಸಾಯುವುದೂ ಉಂಟು. ಇದಕ್ಕೆ 1972ರಲ್ಲಿ ಅಪೊಪ್ಟೋಸಿಸ್ ಎಂಬ ಹೆಸರು ಬಂತು. 1996ರಲ್ಲಿ ಬೆಳಕಿಗೆ ಬಂದ ಸಂಗತಿಯೆಂದರೆ, ಉಸಿರಾಟದ ಸರಪಳಿಯ ಕೊಂಡಿಯಾದ ಸೈಟೋಕ್ರೋಮ್ ಸಿ ಮೈಟೋಕಾಂಡ್ರಿಯದಿಂದ ಹೊರಕ್ಕೆ ಸೋರಿದಾಗ, ಕೋಶವನ್ನು ಕತ್ತರಿಸುವ ಕ್ಯಾಸ್ಪೇಸ್ ಎಂಬ ಕಿಣ್ವಗಳು ಎಚ್ಚರಗೊಳ್ಳುತ್ತವೆ. ವೀಲಾಂಡ್ ಮತ್ತು ವಾರ್ಬುರ್ಗ್ ನಡುವಿನ ವಿವಾದವನ್ನು ತೀರಿಸಿದ ಪ್ರೋಟೀನು ಬಳಗಕ್ಕೆ ಸೇರಿದ ಅಣುವೇ ಮರಣದ ಸಂಕೇತವೂ ಆಗಿರುವುದು ಹೀಗೆ ತಿಳಿಯಿತು.

ಪಿತ್ತಾಮ್ಲಗಳೆಲ್ಲವೂ ಕೋಶಗಳಿಗೆ ಮಿತ್ರರಲ್ಲ. ವೀಲಾಂಡ್ ಬಹುಕಾಲ ಅಧ್ಯಯನ ಮಾಡಿದ ಡಿಆಕ್ಸಿಕೋಲಿಕ್ ಆಮ್ಲವು ಪ್ರಮಾಣ ಹೆಚ್ಚಾದರೆ ಪೊರೆಗಳನ್ನು ಕೆಡಿಸಿ ಕೋಶಗಳನ್ನು ಸಾವಿನತ್ತ ತಳ್ಳುತ್ತದೆ. ಆದರೆ ಅರ್ಸೋಡಿಆಕ್ಸಿಕೋಲಿಕ್ ಆಮ್ಲದ ನಡವಳಿಕೆ ಇದಕ್ಕೆ ವಿರುದ್ಧ. ಹಿಮಕರಡಿಯ ಪಿತ್ತದಲ್ಲಿ ಇದರ ಸುಳಿವನ್ನು 20ನೆಯ ಶತಮಾನದ ಆರಂಭದಲ್ಲಿ ಸ್ವೀಡನ್‌ನ ಓಲೋಫ್ ಹಾಮರ್‌ಸ್ಟೆನ್ ಕಂಡಿದ್ದರು. 1927ರಲ್ಲಿ ಜಪಾನಿನ ಮಸಾಟೊ ಶೋಡ ಕರಡಿಯ ಪಿತ್ತದಿಂದ ಇದನ್ನು ಹರಳುಗಟ್ಟಿಸಿದರು. ಹೆಸರಿನಲ್ಲಿರುವ ಅರ್ಸೊ ಎಂಬುದಕ್ಕೆ ಕರಡಿ ಎಂದೇ ಅರ್ಥ. ಡಿಆಕ್ಸಿಕೋಲಿಕ್ ಆಮ್ಲದಲ್ಲಿ 3 ಮತ್ತು 12ನೆಯ ಇಂಗಾಲಗಳ ಮೇಲೆ ಹೈಡ್ರಾಕ್ಸಿಲ್ ಗುಂಪುಗಳಿವೆ; ಇದರಲ್ಲಿ 3 ಮತ್ತು 7ನೆಯ ಇಂಗಾಲಗಳ ಮೇಲಿವೆ. 7ರ ಮೇಲಿನ ಗುಂಪು ಎದುರು ಪಕ್ಕಕ್ಕೆ ತಿರುಗಿರುವುದರಿಂದ ಅಣುವಿನ ಸಾಬೂನು ಗುಣ ಕಡಿಮೆ, ಪೊರೆಗಳಿಗಾಗುವ ಹಾನಿಯೂ ಕಡಿಮೆ. ವೀಲಾಂಡ್ ವರ್ಷಗಟ್ಟಲೆ ಹುಡುಕಿದ್ದು ಇಂಥದೇ ಸ್ಥಾನ ನಿರ್ಣಯಗಳನ್ನು. ಈಗ ಕೃತಕವಾಗಿಯೂ ತಯಾರಾಗುವ ಈ ಆಮ್ಲವನ್ನು ಪಿತ್ತಕೋಶದ ಕೆಲವು ಬಗೆಯ ಕಲ್ಲುಗಳನ್ನು ಕರಗಿಸಲು ಮತ್ತು ಯಕೃತ್ತಿನ ಕೆಲವು ರೋಗಗಳಿಗೆ ವೈದ್ಯರು ನೀಡುತ್ತಾರೆ. ಇದಕ್ಕಾಗಿ ಕರಡಿಗಳನ್ನು ಪಂಜರದಲ್ಲಿಟ್ಟು ಪಿತ್ತ ಹೀರುವ ಕ್ರೂರ ಪದ್ಧತಿಗೆ ಔಷಧಶಾಸ್ತ್ರದ ದೃಷ್ಟಿಯಿಂದ ಯಾವ ಅಗತ್ಯವೂ ಉಳಿದಿಲ್ಲ.

ಈ ಆಮ್ಲ ಮೈಟೋಕಾಂಡ್ರಿಯದ ಪೊರೆಯನ್ನು ಸ್ಥಿರಗೊಳಿಸಿ ಕೋಶಮರಣವನ್ನು ತಡೆಯುತ್ತದೆ ಎಂಬ ವರದಿಗಳು 1990ರ ದಶಕದ ಕೊನೆಯಲ್ಲಿ ಯಕೃತ್ತಿನ ಕೋಶಗಳ ಅಧ್ಯಯನದಿಂದ ಬಂದವು. ಅನಂತರ ಗಮನ ನರಕೋಶಗಳತ್ತ ಹರಿಯಿತು. ಟಾರೀನ್ ಎಂಬ ಅಣುವಿನೊಡನೆ ಸೇರಿದ ಇದರ ರೂಪವಾದ ಟಾರೊಅರ್ಸೋಡಿಆಕ್ಸಿಕೋಲಿಕ್ ಆಮ್ಲವು ಬ್ಯಾಕ್ಸ್ ಎಂಬ ಪ್ರೋಟೀನು ಮೈಟೋಕಾಂಡ್ರಿಯಕ್ಕೆ ಹೋಗಿ ರಂಧ್ರ ಮಾಡುವುದನ್ನು ಕುಗ್ಗಿಸುತ್ತದೆ, ಸೈಟೋಕ್ರೋಮ್ ಸಿ ಒಳಗೇ ಉಳಿಯುತ್ತದೆ, ಕ್ಯಾಸ್ಪೇಸ್‌ಗಳು ಎಚ್ಚರಗೊಳ್ಳುವುದಿಲ್ಲ. ಪ್ರೋಟೀನುಗಳು ಸರಿಯಾಗಿ ಮಡಿಸಿಕೊಳ್ಳದೆ ಕೋಶದಲ್ಲಿ ಉಂಟಾಗುವ ಒತ್ತಡವನ್ನೂ ಇದು ತಗ್ಗಿಸುತ್ತದೆಂದು ಕಂಡುಬಂದಿದೆ. ಹಂಟಿಂಗ್ಟನ್ ರೋಗದ ಲಕ್ಷಣವುಳ್ಳ ಇಲಿಗಳಲ್ಲಿ 2002ರಲ್ಲಿ, ಮಿದುಳಿನ ರಕ್ತಸ್ರಾವಕ್ಕೆ ಒಳಪಡಿಸಿದ ಇಲಿಗಳಲ್ಲಿ 2003ರಲ್ಲಿ ಇದು ನರಕೋಶಗಳ ನಷ್ಟವನ್ನು ತಗ್ಗಿಸಿದ ವರದಿಗಳು ಪ್ರಕಟವಾದವು.

ಇಲಿಗಳಿಂದ ಮನುಷ್ಯರಿಗೆ ಬಂದಾಗ ಚಿತ್ರ ಅಷ್ಟು ಸರಳವಾಗಿ ಉಳಿಯಲಿಲ್ಲ. ಸ್ನಾಯುಗಳನ್ನು ನಡೆಸುವ ನರಕೋಶಗಳು ಸಾಯುತ್ತ ಹೋಗುವ ಎಎಲ್‌ಎಸ್ ರೋಗದಲ್ಲಿ ಈ ಆಮ್ಲವನ್ನು ಸೋಡಿಯಂ ಫೀನೈಲ್‌ಬ್ಯುಟಿರೇಟ್ ಜೊತೆಗೂಡಿಸಿ 137 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶ 2020ರಲ್ಲಿ ಬಂದು, ಅವರ ಶಕ್ತಿ ಕುಂದುವ ವೇಗ ಸ್ವಲ್ಪ ತಗ್ಗಿದಂತೆ ತೋರಿತು. 2022ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಈ ಔಷಧಕ್ಕೆ ಅನುಮತಿ ದೊರೆಯಿತು. ಆದರೆ 600ಕ್ಕೂ ಹೆಚ್ಚು ರೋಗಿಗಳನ್ನೊಳಗೊಂಡ ದೊಡ್ಡ ಪರೀಕ್ಷೆಯಲ್ಲಿ ಔಷಧಕ್ಕೂ ಹುಸಿಮದ್ದಿಗೂ ಅರ್ಥಪೂರ್ಣ ವ್ಯತ್ಯಾಸ ಕಾಣಲಿಲ್ಲ. 2024ರ ಏಪ್ರಿಲ್‌ನಲ್ಲಿ ತಯಾರಕರು ಅದನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಂಡರು. ಯೂರೋಪಿನಲ್ಲಿ ಟಾರೊಅರ್ಸೋಡಿಆಕ್ಸಿಕೋಲಿಕ್ ಆಮ್ಲವನ್ನು ಬಳಸಿ ಇದೇ ರೋಗಕ್ಕಾಗಿ ನಡೆಸಿದ ಪರೀಕ್ಷೆಯೂ ಅದೇ ವರ್ಷ ನಿರಾಶೆಯನ್ನೇ ತಂದಿತು. ಪಾರ್ಕಿನ್‌ಸನ್ ರೋಗಿಗಳಲ್ಲಿ ಅರ್ಸೋಡಿಆಕ್ಸಿಕೋಲಿಕ್ ಆಮ್ಲ ಸುರಕ್ಷಿತವೆಂದು 2023ರಲ್ಲಿ ಪ್ರಕಟವಾದ ಸಣ್ಣ ಅಧ್ಯಯನವೊಂದು ತೋರಿಸಿದೆ. ಅದು ರೋಗದ ಗತಿಯನ್ನು ಬದಲಿಸುತ್ತದೆಯೇ ಎಂಬುದಕ್ಕೆ ಇನ್ನೂ ದೊಡ್ಡ ಪರೀಕ್ಷೆಗಳು ಬೇಕಾಗಿವೆ.